ಮೊಟ್ಟೆಯಿಲ್ಲದ ಬಿಸ್ಕತ್ತು

ಜರಡಿಯಲ್ಲಿ ಉಳಿದ ಹುಳುಗಳನ್ನು ಚೆಲುವಯ್ಯ ಕಿಟಕಿಯಾಚೆ ಕೊಡವಿದ. ಡಬ್ಬಿಯ ತಳದ ಮೈದಾ ಅಷ್ಟೇನೂ ಕೆಟ್ಟಿರಲಿಲ್ಲ. ಮೂಸಿ ನೋಡಿದ, ಮುಗ್ಗಲು ಹಿಡಿದಿರಲಿಲ್ಲ. ಇರುವೆ ಹತ್ತಿದ್ದ ಸಕ್ಕರೆಯನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟಿದ್ದ. ಇನ್ನು ಉಗ್ರಾಣದಲ್ಲಿ ಉಳಿದದ್ದೆಂದರೆ ಒಂದು ಹಿಡಿ ಚಿರೋಟಿ ರವೆ, ಅಂಟಿಕೊಂಡು ಉಂಡೆಯಾದ ಒಣದ್ರಾಕ್ಷಿ, ಅರ್ಧ ಹೋಳು ಕೊಬ್ಬರಿ, ಜಾಡಿಯ ತಳ ಕೆರೆದರೆ ಸಿಗುವಷ್ಟು ತುಪ್ಪ.

ಹೊಗೆಸೊಪ್ಪಿನ ಕಂಪನಿಯ ದೊರೆ ಹುಣಸೂರಿನ ಬಂಗಲೆ ಖಾಲಿ ಮಾಡಿ ವಿಲಾಯಿತಿಗೆ ಹೋದಮೇಲೆ ಅಂಗಡಿಯಿಂದ ಸಾಮಾನು ಬರುವುದು ನಿಂತಿತ್ತು. ಹೊಸ ಮ್ಯಾನೇಜರು ಈವತ್ತು ಬರುತ್ತಾರೆ, ನಮ್ಮ ದೇಶದವರೇ, ಲಿಂಗಾಯತರು ಎಂದು ಆಫೀಸಿನಿಂದ ಹೇಳಿಕಳಿಸಿದ್ದರು. ಯಾರನ್ನು ಇಟ್ಟುಕೊಳ್ಳುತ್ತಾರೋ ಯಾರನ್ನು ಬಿಡುತ್ತಾರೋ ಅವರಿಷ್ಟ. ಬಂದವರ ಬಾಯಿ ಮೊದಲು ಸಿಹಿ ಮಾಡಿಬಿಟ್ಟರೆ ಆಮೇಲೆ ಕತ್ತು ಹಿಡಿದು ನೂಕಲು ಕೈ ಬರುವುದಿಲ್ಲ ಎಂದು ಚೆಲುವಯ್ಯ ಎಣಿಸಿದ್ದ.

ಮೀಸೆ ಮೂಡುವ ಮೊದಲೇ ದೊರೆಗಳ ಅಡಿಗೆಮನೆಯಾದ ಈ ಕುಶಿನಿಗೆ ಪಾತ್ರೆ ತೊಳೆಯಲು ಬಂದು, ನೋಡಿ ನೋಡಿ ಅಡಿಗೆ ಕಲಿತವನು ಅವನು. ನೇಗಿಲು ಹಿಡಿದವನಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವಿಗೆ ಎದೆ ತಡೆಯದು. ಕೇರಿಯವರು 'ಬಿಸ್ಕತ್ ದೊರೆ' ಎಂದು ಅಣಕಿಸುತ್ತಿದ್ದರು. ಅಣಕಿಸಲಿ ಬಿಡು ಎಂದುಕೊಂಡು ಬೆಳಿಗ್ಗೆ ಎದ್ದು ಬರುತ್ತಿದ್ದ. ಲೋಕದಲ್ಲಿ ಅವನ ಮಾತು ನಡೆಯುವ ಜಾಗವೆಂದರೆ ಈ ನಾಲ್ಕು ಗೋಡೆಯೊಳಗೆ ಮಾತ್ರ.

ಸೌದೆ ಹೊತ್ತು ತಂದ ಹೆಂಡತಿ ಚಿಕ್ಕಬೀರಮ್ಮ ಹೊರೆ ಇಳಿಸಿ ಹಿತ್ತಿಲ ಬಾಗಿಲಲ್ಲಿ ನಿಂತಳು.

"ಮೊಟ್ಟೆ ಗಿಟ್ಟೆ ಒಡ್ದುಬುಟ್ಟೀಯೆ ಕಣ. ಸಿವಪೂಜೆ ಮಾಡೋ ಜನ."

"ಅಷ್ಟೂ ತಿಳೀದಾ ನಂಗೆ? ಇತ್ಲ ಬಾಳೆಅಣ್ಣು ಕಿವುಚಾಕ್ತೀನಿ."

"ಬಾಯ್ತಪ್ಪಿ ಬುದ್ದಿ ಅಂದೀಯ. ಸಾರ್ ಅನ್ನು. ದೊರೆ ಕೊಟ್ಟೋದ ಕೋಟಾಕ್ಕಂಡು ಸಾರ್ ಅಂದ್ರೆ ನೀ ಯಾವ ಕೇರಿಯೋನು ಅಂತ ಯಾವ ನನ್ಮಗನ್ಗೂ ಗೊತ್ತಾಗಕಿಲ್ಲ."

"ಕೇಳುದ್ರೆ?"

"ಕೇಳುದ್ರೆ ಆಗ ನೋಡನ. ಬಿಳೀ ದೊರೆ ಕೇಳುದ್ನಾ? ನಿನ್ ಕೈಲಿ ತಿಂದು ತಿಂದು ಕುರ್ಚೀಲಿ ಇಡಿಸ್ದಂಗಾಗೋದ."

ಚೆಲುವಯ್ಯ ನಕ್ಕ. ಕೆಲಸ ಮಾತ್ರ ನಗುವಷ್ಟು ಸುಲಭವಿರಲಿಲ್ಲ. ಮೊಟ್ಟೆಯಿಲ್ಲದ ಹಿಟ್ಟು ಹಿಡಿತಕ್ಕೆ ಬಾರದೆ ಮೊದಲ ತಟ್ಟೆಯ ಬಿಸ್ಕತ್ತಿನ ಅಂಚೆಲ್ಲ ಬಿರುಕು ಬಿಟ್ಟಿತು. ಉಳಿದ ಹಿಟ್ಟಿಗೆ ಇನ್ನಷ್ಟು ಹಣ್ಣು ಸೇರಿಸಿ ನಾದಿ, ಔಷಧಿ ಲೋಟದ ಬಾಯಿಯಿಂದ ಬಿಲ್ಲೆ ಕತ್ತರಿಸಿ, ತಗಡಿನ ಪೆಟ್ಟಿಗೆಯೊಳಗಿಟ್ಟು ಕೆಳಗೂ ಮೇಲೂ ಕೆಂಡ ಹರಡಿದ. ಬೆಂದ ಪರಿಮಳ ಬಂಗಲೆಯ ತುಂಬ ಆಡುವ ಹೊತ್ತಿಗೆ ರಸ್ತೆಯಲ್ಲಿ ಜೀಪಿನ ಸದ್ದಾಯಿತು.

ಇಳಿದವರು ಮೂವರು. ಮ್ಯಾನೇಜರ್ ನೀಲಕಂಠಸ್ವಾಮಿ, ಇನ್ನೂ ಎಳೆಯ ವಯಸ್ಸು, ಹಣೆಯಲ್ಲಿ ವಿಭೂತಿ, ಹೆಂಡತಿ ಮಂಗಳಗೌರಿ, ತಾಯಿ ಶಿವರುದ್ರಮ್ಮ. ಬಿಳಿಕೆರೆಯ ಹತ್ತಿರ ಧೂಳು ಕುಡಿದು ಸುಸ್ತಾಗಿದ್ದ ಮುದುಕಿ ಜಗುಲಿಯ ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ಬಿಳಿ ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡಿದ್ದ ಚೆಲುವಯ್ಯ ಪಿಂಗಾಣಿ ತಟ್ಟೆ ಮುಂದೆ ಹಿಡಿದ.

ನೀಲಕಂಠಸ್ವಾಮಿ ಒಂದನ್ನು ತೆಗೆದು ಕಚ್ಚಿದ. "ಅಮ್ಮ, ತಗೋ. ಮೈಸೂರಲ್ಲೂ ಇಂಥದ್ದು ಸಿಕ್ಕಲ್ಲ."

"ಮೊಟ್ಟೆ ಹಾಕಿರ್ತಾರೆ ಕಣಪ್ಪ ಇದಕ್ಕೆ."

"ಇಲ್ಲ ಅಮ್ಮಾವ್ರೆ. ಬಾಳೆಹಣ್ಣು ಹಾಕಿದೀನಿ. ತಾವು ಬರ್ತೀರಿ ಅಂತ ಬೇರೇನೇ ಮಾಡ್ದೆ."

ಶಿವರುದ್ರಮ್ಮನ ಮುಖ ಅರಳಿತು. ಒಂದು ಬಿಲ್ಲೆ ಎತ್ತಿಕೊಂಡು ತಿರುಗಿಸಿ ನೋಡಿದರು. "ಜಾಣ ಕಣಪ್ಪ ನೀನು. ಇಲ್ಲಿ ಅಡಿಗೆಗೆ ಯಾರು ಗತಿ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಿದ್ದೆ. ನೀನೇ ಇರು. ನಮ್ಮ ಸಾರು, ಪಲ್ಯ ನಾನೇ ಹೇಳ್ಕೊಡ್ತೀನಿ."

ಹೋದ ದೊರೆಯ ಹೆಂಡತಿ ಹೊಗಳಿದರೂ ಬೆರಳಲ್ಲಿ ತೋರಿಸಿ ಹೊಗಳುತ್ತಿದ್ದಳು. ಹೀಗೆ ಮನೆಯ ಹಿರಿಯಳು ಮಗನಿಗೆ ಹೇಳಿದ ಹಾಗೆ ಅವನಿಗೆ ಯಾರೂ ಹೇಳಿರಲಿಲ್ಲ. ತಟ್ಟೆ ಹಿಡಿದ ಕೈ ಹಾಗೇ ಇತ್ತು, ಬೆನ್ನು ತಾನಾಗಿ ಬಾಗಿತು.

"ಎಲ್ಲಾ ತಮ್ಮ ಪಾದದ ದಯ, ಬುದ್ದಿ."

ಆ ಸೀಮೆಯಲ್ಲಿ 'ಬುದ್ದಿ' ಎಂಬ ಮಾತು ಹಾಗೆ ಬಗ್ಗಿದ ಬೆನ್ನಿನಿಂದ ಕೇಳಿಬರುವುದು ಎರಡು ಕಡೆ. ಒಂದು ಮಠದಲ್ಲಿ ಸ್ವಾಮಿಗಳ ಮುಂದೆ. ಇನ್ನೊಂದು ಗದ್ದೆಯ ಬದುವಿನ ಮೇಲೆ ನಿಂತ ಯಜಮಾನರ ಮುಂದೆ, ಕೇರಿಯ ಆಳುಗಳ ಬಾಯಲ್ಲಿ.

ತುಟಿಯ ಹತ್ತಿರ ಹೋಗಿದ್ದ ಶಿವರುದ್ರಮ್ಮನ ಕೈ ನಿಂತಿತು.

"ಯಾವ ಬೀದಿಯಪ್ಪ ನಿಮ್ಮನೆ?"

ಸುಳ್ಳು ಹೇಳಲು ಬೀದಿಗಳೇನೂ ಕಡಿಮೆ ಇರಲಿಲ್ಲ. ಚೆಲುವಯ್ಯ ನೆಲ ನೋಡಿದ. "ಊರಾಚೆ, ಕೇರಿ, ಅವ್ವಾರೆ."

ಮುದುಕಿ ಬಿಸ್ಕತ್ತನ್ನು ಮುರಿಯದ ಹಾಗೆ ಮೆಲ್ಲಗೆ ತಟ್ಟೆಯಲ್ಲಿಟ್ಟರು. ನೀಲಕಂಠಸ್ವಾಮಿಯ ದವಡೆ ನಿಂತಿತು. ಬಾಯಲ್ಲಿದ್ದುದನ್ನು ಹೇಗೋ ನುಂಗಿ, "ಅಮ್ಮ, ಈಗ ಕಾನೂನು..." ಎಂದ.

"ಕಾನೂನು ನಿನ್ನ ಆಫೀಸಲ್ಲಿರ್ಲಿ ಕಣಪ್ಪ. ಮನೆಯೊಳಗೆ ಲಿಂಗಪೂಜೆ ಆಗಬೇಕು."

ಅವನು ಚೆಲುವಯ್ಯನ ಮುಖ ನೋಡದೆ ಕೈಯಲ್ಲಿದ್ದ ಅರ್ಧವನ್ನು ತಟ್ಟೆಯ ಅಂಚಿಗಿಟ್ಟ.

"ನೀನು ನೊಂದ್ಕೋಬೇಡಪ್ಪ," ಎಂದರು ಶಿವರುದ್ರಮ್ಮ. "ನಿನ್ನ ಹೊಟ್ಟೆ ಮೇಲೆ ಹೊಡೆಯೋಳಲ್ಲ ನಾನು. ನಮ್ಮ ಹಸುಗಳನ್ನ ಹಿಂದೆ ಹೊಡಕೊಂಡು ಬರ್ತಿದಾರೆ. ಕೊಟ್ಟಿಗೆ ನೋಡ್ಕೊಂಡಿರು, ಸಂಬಳ ಅದೇ ಇರ್ಲಿ. ಇದನ್ನ ಮನೆಗೆ ತಗೊಂಡುಹೋಗಿ ಎಲ್ರೂ ತಿನ್ನಿ."

ಅವರು ಮನಸಾರೆ ಹೇಳಿದ್ದರು. ಬೈದಿದ್ದರೆ ಒಳಗೊಳಗೇ ಶಾಪ ಹಾಕಬಹುದಿತ್ತು. ಕಳ್ಳ ಎಂದಿದ್ದರೆ ಆಣೆ ಮಾಡಬಹುದಿತ್ತು. ಇಷ್ಟು ಮೆತ್ತಗೆ ನೂಕಿದರೆ ಬೀಳುವವನು ಏನನ್ನು ಹಿಡಿದುಕೊಳ್ಳಬೇಕು?

ಹಿತ್ತಿಲಲ್ಲಿ ಚಿಕ್ಕಬೀರಮ್ಮ ತುಂಬಿದ ತಟ್ಟೆಯನ್ನೂ ಗಂಡನ ಮುಖವನ್ನೂ ನೋಡಿದಳು.

"ಅಂದ್ಬುಟ್ಟಾ?"

"ಅಂದ್ಬುಟ್ಟೆ."

ಅವಳು ಬೈಯಲಿಲ್ಲ. ಒಂದು ಬಿಲ್ಲೆ ಮುರಿದು ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷದಲ್ಲಿ ಬಂಗಲೆಯ ಬಿಸ್ಕತ್ತು ಅವಳ ನಾಲಗೆಗೆ ತಾಕಿದ್ದು ಅದೇ ಮೊದಲು. ಬಹಳ ಹೊತ್ತು ಅಗಿದಳು.

"ಬಾಳೆಅಣ್ಣು ಗೊತ್ತೇ ಆಗಕಿಲ್ಲ ಕಣ," ಎಂದಳು.

ಹೊತ್ತು ಇಳಿಯುವಾಗ ಹಸುಗಳು ಬಂದವು. ಚೆಲುವಯ್ಯ ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಅವುಗಳನ್ನು ಕಟ್ಟಿದ. ಕುಶಿನಿಯ ಬಾಗಿಲಿಗೆ ಬಂದ ಮಂಗಳಗೌರಿ, ಒಳಗೆಲ್ಲ ಸಾರಿಸಬೇಕು, ಒಂದಿಷ್ಟು ಸಗಣಿ ತಂದಿಡು ಎಂದಳು. ಆಕೆಯ ದನಿಯಲ್ಲಿ ಸಂಕೋಚವಿತ್ತು.

ಅವನು ಬಿಸಿ ಸಗಣಿ ಬಾಚಿ, ಕಸಕಡ್ಡಿ ಆರಿಸಿ, ಗಂಟು ಉಳಿಯದಂತೆ ಎರಡೂ ಕೈಯಿಂದ ನಾದಿದ. ಉಂಡೆ ಮಾಡಿ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತ. ಮಂಗಳಗೌರಿ ಚೆಂಬು ತಂದು ಸಗಣಿಯ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಎತ್ತಿಕೊಂಡು ಒಳಗೆ ಹೋದಳು.

ಸಾರಿಸುವ ಕೈಯ ಬಳೆ ಸದ್ದು ಒಳಗೆ ಒಲೆಯ ಮೂಲೆಯಿಂದ ಶುರುವಾಗಿ ಬಾಗಿಲ ಕಡೆಗೆ ಬರುತ್ತಿತ್ತು. ಅದು ಹೊಸ್ತಿಲು ಮುಟ್ಟುವ ಮೊದಲು ಚೆಲುವಯ್ಯ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದ.