ಸೋಫಾದಲ್ಲಿ ಜಾಗವಿಲ್ಲದ ಪ್ರಜೆ

“ಲೇ ಮರಿತಾಯಿ, ಕಿವಿಯೊಳಕ್ಕೆ ಸೀಸ ಉಯ್ಕೊಂಡಿದೀಯೇನೆ? ಇಲ್ಲ ಅಂದ್ರೆ ಇಲ್ಲ. ಬಾಣಂತಿ ಎಲ್ಲೂ ಓಡೋಗಾಕಿಲ್ಲ. ಇವತ್ತು ಸಭೆ ಐತೆ, ಹೋಗಿ ಬಜ್ಜಿಗೆ ಹಿಟ್ಟು ಕಲಸು.”

ಹೀಗೆಂದು ಜಗನ್ನಾಥ ಗೌಡರು ಕನ್ನಡಿಯ ಮುಂದೆ ಕೊರಳಪಟ್ಟಿ ಸರಿಮಾಡಿಕೊಂಡರು. ಮಂಡ್ಯದ ಕಡೆ ಅವರಪ್ಪನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಮರಿತಾಯಮ್ಮ ಈಗ ಕಡಲಾಚೆಯ ಲಾಸ್ ಆಲ್ಟೋಸ್ ಪಟ್ಟಣದಲ್ಲಿ ಅವರ ಮನೆಯ ಕಸ ಬಾಚುತ್ತಿದ್ದಳು. ಡಾಟ್‌ಕಾಮ್ ಕಂಪನಿಯ ಷೇರು ಮುಗಿಲು ಮುಟ್ಟಿದ ವರ್ಷ ಗೌಡರು ಊರಿನಿಂದ ಒಂದು ಹಿತ್ತಾಳೆ ಹಂಡೆಯನ್ನೂ ಇವಳನ್ನೂ ತರಿಸಿಕೊಂಡಿದ್ದರು. ಹಂಡೆಗೆ ನಡುಮನೆಯಲ್ಲಿ ಜಾಗ ಸಿಕ್ಕಿತು, ಇವಳಿಗೆ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದಲ್ಲಿ. ಇವಳ ತಟ್ಟೆ ಲೋಟ ಗರಾಜಿನಲ್ಲಿ. ಊರಿನಲ್ಲಿ ಗೌಡರ ಮನೆಯ ಹೊಸಿಲು ದಾಟುವಂತಿಲ್ಲದವಳು ಇಲ್ಲಿ ಬಜ್ಜಿ ಕರಿಯಬಹುದಿತ್ತು. ಕರೆಂಟಿನ ಒಲೆಯಲ್ಲಿ ಬೆಂಕಿಯೇ ಇಲ್ಲ, ಇನ್ನು ಮೈಲಿಗೆ ಎಲ್ಲಿಂದ ಎಂದು ಗೌಡರ ಹೆಂಡತಿ ಹೇಮಶ್ರೀ ಶಾಸ್ತ್ರ ಹುಡುಕಿದ್ದಳು. ಪಾಸ್‌ಪೋರ್ಟು ಮಾತ್ರ ಗೌಡರ ಬೀರುವಿನಲ್ಲಿ. ನಿನ್ನ ಕೈಲಿದ್ದರೆ ಕಳೆದುಹೋಗುತ್ತೆ ಎಂಬ ಕಾಳಜಿ ಅವರದು.

ಅಡುಗೆಮನೆಯ ಫೋನು ಕೂಗಿತು. ಯೂನಿಯನ್ ಸಿಟಿಯಿಂದ ಸುರೇಶ್, ಇವಳ ತಂಗಿಯ ಮಗಳು ಬಿಂದುಶ್ರೀಯ ಗಂಡ. ತಾಯಿ ಸತ್ತ ಕೂಸನ್ನು ಎತ್ತಿ ಆಡಿಸಿ, ಹಾಸ್ಟೆಲಿಗೆ ಸೇರಿಸಿ ಓದಿಸಿದವಳು ಮರಿತಾಯಮ್ಮನೇ. ಆ ಕೂಸು ಈಗ ಹೆತ್ತು, ಆಸ್ಪತ್ರೆಯಿಂದ ಮನೆಗೆ ಬಂದಿತ್ತು.

“ದೊಡ್ಡಮ್ಮ, ಇವ್ಳು ಬೆಳಗ್ಗೆಯಿಂದ ಅಳ್ತಾವ್ಳೆ. ಎಣ್ಣೆ ನೀರು ಹಾಕೋಕೆ ನೀವೇ ಬರ್ಬೇಕಂತೆ. ನರ್ಸು ನೋಡಿದ್ರೆ, ಮಗೂನ ಒದ್ದೆ ಬಟ್ಟೇಲಿ ಒರೆಸಿ ಸಾಕು ಅಂದ್ಳು.”

“ಒರ್ಸಾಕೆ ಅದೇನು ಮೇಜೇನಪ್ಪ? ಕಾರ್ ತಗಂಡ್ ಬಾ. ಬೀದಿ ತಿರುವಲ್ಲಿ ನಿಂತಿರು.”

“ಅವ್ರು ಕಳಿಸ್ತಾರಾ?”

“ನೀ ಬಾ ಅಂದೆ.”

ಮಧ್ಯಾಹ್ನ ‘ಜ್ಞಾನೋದಯ ಬಳಗ’ ಸೇರಿತು. ಶ್ರಾವಣದಲ್ಲಿ ಪುರಾಣ ಓದಿಸುವ ಶ್ರದ್ಧೆಯಿಂದ ಗೌಡರು ಪ್ರತಿ ಭಾನುವಾರ ಹಳೆಯ ಯುರೋಪಿನ ಚಿಂತಕರನ್ನು ಓದಿಸುತ್ತಿದ್ದರು. ಓದುವವರು ಚಿಪ್ ಕಂಪನಿಯ ಮ್ಯಾನೇಜರು ರಘೋತ್ತಮ ರಾಯರು. ಕೇಳುವವನು ಪಕ್ಕದ ಮೆನ್ಲೋ ಪಾರ್ಕ್ ಊರಿನಲ್ಲಿ ಕಂಪನಿ ತೆರೆದಿದ್ದ ಜಲಾಲ್. ಓದಿದ್ದು ಮನಸ್ಸಿಗೆ ಇಳಿಯಲೆಂದು ಕೊನೆಗೊಂದು ಆಟ ಕಟ್ಟುತ್ತಿದ್ದರು. ಗೌಡರು ದೊರೆ, ರಾಯರು ಶಾಸನಸಭೆ, ಜಲಾಲ್ ನ್ಯಾಯಾಲಯ. ಅಧಿಕಾರವನ್ನು ಮೂರು ಪಾಲು ಮಾಡಬೇಕೆಂದು ಮಾಂಟೆಸ್ಕ್ಯೂ ಹೇಳಿದ್ದಕ್ಕೆ ಸರಿಯಾಗಿ ಸೋಫಾದಲ್ಲೂ ಮೂವರಿಗಷ್ಟೇ ಜಾಗವಿತ್ತು. ಹಾಗಾಗಿ ಮರಿತಾಯಮ್ಮ ನಿಂತುಕೊಂಡೇ ಪ್ರಜೆಯಾಗುತ್ತಿದ್ದಳು. ಸಮ್ಮತಿ ಉಂಟೆ ಎಂದು ಕೇಳಿದರೆ “ಉಂಟು ಬುದ್ಧಿ” ಅನ್ನಬೇಕು, ಆಮೇಲೆ ಬಜ್ಜಿ ತರಬೇಕು. ಅವಳ ಪಾಲಿನ ರಾಜಕಾರಣ ಅಷ್ಟೇ.

“ಪ್ರಜೆಯ ಕನ್ಸೆಂಟು ಇಲ್ದೆ ಆಳಿದ್ರೆ ಅದು ಸರ್ಕಾರಾನೇ ಅಲ್ಲ ಅಂತಾನೆ ಫಿಲಾಸಫರ್ ಲಾಕು. ಎಂಥಾ ಮಾತು ನೋಡಿ,” ಎಂದು ರಾಯರು ಕಣ್ಣೊರೆಸಿಕೊಂಡು, ನಾಟಕದ ರಾಗ ಎಳೆದರು: “ಪ್ರಜೆಯೇ, ಈ ದೊರೆಯ ಆಳ್ವಿಕೆಗೆ ನಿನ್ನ ಸಮ್ಮತಿ ಉಂಟೆ?”

ಮರಿತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

“ಇಲ್ಲ ಬುದ್ಧಿ.”

ಮೂರು ಅಧಿಕಾರಗಳೂ ಒಟ್ಟಿಗೆ ಕಣ್ಣು ಬಿಟ್ಟವು. ಮೊದಲು ತೊಡೆ ತಟ್ಟಿದವನು ಜಲಾಲ್. “ಗೌಡ್ರೆ, ಇವತ್ತು ನೋಡಿ ಮೀಟಿಂಗು ಕಳೆ ಕಟ್ಟಿದ್ದು. ದೊರೆ-ಪ್ರಜೆ ಕಾಂಟ್ರ್ಯಾಕ್ಟು ಮುರೀತು.”

“ಮುರಿದ್ರೆ ಪವರು ಜನಕ್ಕೇ ವಾಪಸ್ಸು. ರೂಸೋ ಕ್ಲಿಯರಾಗಿ ಹೇಳ್ತಾನೆ,” ಎಂದರು ರಾಯರು.

“ಒಬ್ಳು ಇಲ್ಲ ಅಂದ್ರೆ ಆಗೋಯ್ತೇನ್ರೀ? ಮೆಜಾರಿಟಿ ಬೇಡ್ವಾ?” ಜಲಾಲ್ ಕೆಣಕಿದ.

“ಇರೋಳೇ ಒಬ್ಳು. ಅವಳೇ ಮೆಜಾರಿಟಿ.”

ಗೌಡರೂ ಹೊಟ್ಟೆ ಕುಣಿಸಿ ನಕ್ಕರು. “ಆಯ್ತು, ನಾನು ಪಟ್ಟ ಇಳಿದೆ. ಈಗ ಬಜ್ಜಿ ತಗಂಬಾರೆ.”

“ಇಳುದ್ರಲ್ಲ ಬುದ್ಧಿ, ನನ್ ಪಾಸ್‌ಪೋರ್ಟ್ ಕೊಟ್ಬುಡಿ. ಬಾಣಂತಿ ತಾವ್ಕೆ ಓಯ್ತೀನಿ.”

ಗೌಡರು ಸೋಫಾದಿಂದ ಎದ್ದರು.

“ಮುಂಡೆ, ನಮ್ಮ ಬಾಗಿಲಲ್ಲಿ ಕೂಳಿಗೆ ನಿಂತಿದ್ದ ಜಾತಿ ನಿಂದು. ನನ್ನ ಪಟ್ಟ ಇಳಿಸ್ತೀಯಾ?”

ಮರಿತಾಯಮ್ಮ ಜಲಾಲನ ಕಡೆ ತಿರುಗಿದಳು. “ನ್ಯಾಯಾಲಯ ಏನಂತದೆ ಸಾಮಿ?”

“ಅದು… ಮನೆ ವಿಷ್ಯ ಅಮ್ಮಾ. ನಾವು ಹೇಗೆ ಮಾತಾಡೋದು,” ಎಂದು ಜಲಾಲ್ ಸೀಲಿಂಗು ನೋಡಿದ.

ಶಾಸನಸಭೆ ಆಗಲೇ ಪುಸ್ತಕ ತೆರೆದು ಮುಖ ಮರೆಸಿಕೊಂಡಿತ್ತು. “ಇದನ್ನ ಮುಂದಿನ ಭಾನುವಾರ ತಗೊಳ್ಳೋಣ,” ಎಂಬ ದನಿ ಮಾತ್ರ ಹಾಳೆಗಳ ಹಿಂದಿನಿಂದ ಬಂತು.

ಅವಳು ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಹರಳೆಣ್ಣೆ ಸೀಸೆಯನ್ನೂ ಸೀಗೆಪುಡಿಯ ಪೊಟ್ಟಣವನ್ನೂ ಮಡಿಲಿಗೆ ಸಿಕ್ಕಿಸಿಕೊಂಡಳು.

“ಎಲ್ಲಿಗೇ ಹೊರಟೆ? ಬಜ್ಜಿ ಯಾರು ಕರೀತಾರೆ?” ಹೇಮಶ್ರೀ ಅಡ್ಡ ಬಂದಳು.

“ಹಿಟ್ಟು ನೀರಾಯ್ತದೆ ಅವ್ವಾರೆ, ಬಿರ್‍ನೆ ಕರ್ಕಳಿ.”

ಅವಳು ಅಂಗಳ ದಾಟುವಷ್ಟರಲ್ಲಿ ಗೌಡರು ಬರಿಗಾಲಲ್ಲೇ ಹುಲ್ಲಿನ ಮೇಲೆ ಓಡಿಬಂದರು. ಅದೇ ಹೊತ್ತಿಗೆ ನಾಯಿ ಹಿಡಿದು ಬರುತ್ತಿದ್ದ ನೆರೆಮನೆಯ ಬಿಳಿ ಅಜ್ಜಿ ಕೈಬೀಸಿದಳು. ಗೌಡರೂ ನಗುತ್ತ ಕೈಬೀಸಿದರು. ಆ ನಗೆಯನ್ನು ಕಳಚದೆಯೇ ಹಲ್ಲಿನ ಸಂದಿಯಿಂದ ಕನ್ನಡದಲ್ಲಿ ಉಗಿದರು: “ಬೋಳಿ, ಪಾಸ್‌ಪೋರ್ಟ್ ಇಲ್ದೆ ಎಷ್ಟು ದಿನ ಮೆರೀತೀಯೆ? ಪೊಲೀಸಿಗೆ ಫೋನ್ ಮಾಡ್ತೀನಿ.”

“ಮಾಡಿ ಬುದ್ಧಿ. ಅವ್ರೇ ಬಂದು ನಿಮ್ ಬೀರು ಬಾಗ್ಲು ತಗುಸ್ಲಿ.”

ಅಜ್ಜಿ ನಾಯಿಯೊಂದಿಗೆ ಅಲ್ಲೇ ನಿಂತು, ಎಷ್ಟು ನಗುಮೊಗದ ಜನ ಎಂಬಂತೆ ನೋಡುತ್ತಿದ್ದಳು. ಮರಿತಾಯಮ್ಮ ಬೀದಿ ತಿರುವಿಗೆ ನಡೆದು ಕಾರು ಹತ್ತಿದಳು.

ಸುರೇಶ್ ಕಾರು ಚಾಲೂ ಮಾಡದೆ ಗೌಡರ ಮನೆಯ ಕಡೆ ನೋಡಿದ. “ದೊಡ್ಡಮ್ಮ, ನಾಳೆ ಏನ್ಮಾಡೋದು?”

“ನಾಳೆ ಅಲ್ಲಿರ್ಲಿ. ನಿಮ್ ಬಚ್ಚಲಲ್ಲಿ ಸುಡುಸುಡೋ ನೀರು ಬತ್ತದಾ?”

“ಬರ್ತದೆ.”

“ಮತ್ಯಾಕೆ ಕುಂತಿದೀಯ, ಓಡ್ಸು.”

ಫ್ರೀವೇ ಹತ್ತುವಷ್ಟರಲ್ಲಿ ಗೌಡರ ಬೆಳ್ಳಿಬಣ್ಣದ ಕಾರು ದೀಪ ಮಿಟುಕಿಸುತ್ತ ಹಿಂದೆಯೇ ಬಂತು. ಕನ್ನಡಿಯಲ್ಲಿ ಅದನ್ನು ಕಂಡ ಸುರೇಶ್ ವೇಗ ತಗ್ಗಿಸಿದ. ಮರಿತಾಯಮ್ಮ ಹಿಂತಿರುಗಿ ನೋಡಲಿಲ್ಲ. ಆಕ್ಸಿಲರೇಟರಿನ ಮೇಲಿದ್ದ ಅವನ ಬಲಗಾಲಿನ ಮಂಡಿಗೆ ಕೈಯಿಟ್ಟು, ಬಾಣಂತಿಯ ಬೆನ್ನಿಗೆ ಎಣ್ಣೆ ತಿಕ್ಕುವ ಬಲ ಹಾಕಿ ಒತ್ತಿದಳು. ಕಾರು ಮುಂದಕ್ಕೆ ಜಿಗಿಯಿತು.