ಫೋಟೋಕ್ಕೆ ತಂದ ಗ್ಲೌಸು

"ಹೆಣದ ಮುಂದೆ ನಿಂತೋಳ ಥರ ಮುಖ ಮಾಡ್ಬೇಡ್ವೇ, ದರಿದ್ರದೋಳೇ! ಸ್ವಲ್ಪ ನಗು. ಸರ್ಕಾರದ ದುಡ್ಡಿಗೆ ಲೆಕ್ಕ ಕೊಡೋ ಫೋಟೋ ಇದು," ಎಂದು ಹೆಡ್‌ಮಾಸ್ಟರ್ ಮೊಬೈಲ್ ಎತ್ತಿ ಹಿಡಿದರು.

ನಕ್ಕೆ. ಮೊಣಕೈವರೆಗೆ ಕೆಂಪು ರಬ್ಬರ್ ಗ್ಲೌಸು, ಕಾಲಿಗೆ ಬೂಟು, ಬೆನ್ನ ಹಿಂದೆ ನಾನು ದಿನಾ ತೊಳೆಯುವ ಶಾಲೆಯ ಕಕ್ಕಸು. ಆಸಿಡ್ ತಿಂದು ಚರ್ಮ ಸುಲಿದ ಕೈ ನನ್ನದು. ಊಟ ಕಲಸಿದರೆ ಖಾರ ತಾಗಿ ಜೀವ ಹೋಗುತ್ತದೆ. ಅತ್ತೆ ಚಮಚದಲ್ಲಿ ಉಣಿಸುತ್ತಾಳೆ. ನನಗಿಂತ ಮೊದಲು ಈ ಕಕ್ಕಸು ಅವಳ ಪಾಲಿಗಿತ್ತು. ಅವಳ ಬೆರಳು ಈಗ ಪೂರ್ತಿ ಮಡಚುವುದಿಲ್ಲ.

"ಆಯ್ತು, ಬಿಚ್ಚು," ಎಂದ ಶಾಲೆಗೆ ಸಾಮಾನು ಪೂರೈಸುವ ವ್ಯಾನಿನವನು.

"ಬಿಚ್ಚೋದಾ? ನನಗೇ ಅಂತ ತಂದಿದ್ದಲ್ವಾ ಅಣ್ಣ?"

"ನಿನಗೇ ಕಣಮ್ಮ, ಫೋಟೋದಲ್ಲಿ! ಬೇಗ ಕೊಡು. ಮುಂದಿನ ಸ್ಕೂಲಲ್ಲಿ ಇನ್ನೊಬ್ಬಳು ಕಾಯ್ತಿದಾಳೆ."

ಹಾಕಿಕೊಳ್ಳುವಾಗಲೇ ಗ್ಲೌಸಿನ ಒಳಗೆ ಒದ್ದೆಯಿತ್ತು, ಬೆಚ್ಚಗಿತ್ತು. ಹಿಂದಿನ ಸ್ಕೂಲಿನ ಯಾವಳೋ ನನ್ನಂಥವಳ ಬೆವರು ಅದು. ಅವಳು ಈಗ ಬರಿಗೈಯಲ್ಲಿ ಉಜ್ಜುತ್ತಿರಬೇಕು. ಮೈಯೆಲ್ಲ ಉರಿದುಹೋಯಿತು.

"ಸಾರ್, ಗ್ಲೌಸು, ಬೂಟು ಕೊಂಡಿದೀವಿ ಅಂತ ಗೇಟಿನ ಬೋರ್ಡಲ್ಲಿ ಬರ್ದಿದೀರಂತೆ. ನನ್ನ ಮಗಳು ಓದಿ ಹೇಳಿದ್ಲು."

"ಓದ್ಲಿ ಬಿಡು. ಮೂರು ಕೊಟೇಶನ್ನು, ಬಿಲ್ಲು, ಫೋಟೋ, ಎಲ್ಲಾ ರೂಲ್ಸ್ ಪ್ರಕಾರ. ನಮ್ಮಲ್ಲಿ ಮುಚ್ಚುಮರೆ ಇಲ್ಲ." ಹೆಡ್‌ಮಾಸ್ಟರ್ ಧ್ವನಿ ಏರಿಸಿದರು. "ಹೇಲು ಬಾಚೋಳಿಗೆ ಎಷ್ಟು ಕೊಬ್ಬು! ಇನ್ನೊಂದು ಮಾತಾಡಿದ್ರೆ ನಾಳೆಯಿಂದ ಬೇರೆಯವಳು ಬರ್ತಾಳೆ, ತಿಳ್ಕೋ."

ಗ್ಲೌಸು ಬಿಚ್ಚಲಿಲ್ಲ. ಕಕ್ಕಸಿನೊಳಗೆ ಹೋದೆ. ನಿನ್ನೆಯಿಂದ ಕಟ್ಟಿಕೊಂಡು ತುಂಬಿ ನಿಂತಿದ್ದ ಗುಂಡಿಗೆ ಎರಡೂ ಕೈ ಇಳಿಸಿದೆ. ಸಿಕ್ಕಿಕೊಂಡಿದ್ದ ಚಿಂದಿಯನ್ನೆಲ್ಲ ಎಳೆದು ಹಾಕಿದೆ. ಕೈ ಉರಿಯಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಉರಿಯಲಿಲ್ಲ.

ಹೊರಗೆ ಬಂದು, ತೊಟ್ಟಿಕ್ಕುತ್ತಿದ್ದ ಕೈಗಳನ್ನು ವ್ಯಾನಿನವನ ಮುಂದೆ ಚಾಚಿದೆ.

"ತಗೋ ಅಣ್ಣ, ನೀನೇ ಬಿಚ್ಕೊಂಡು ಹೋಗು."

"ಥೂ! ದೂರ ಹೋಗೇ ಮುಂಡೆ!" ಮೂಗು ಮುಚ್ಚಿಕೊಂಡ ಅವನು ವ್ಯಾನಿಗೆ ಬೆನ್ನು ತಾಗುವ ತನಕ ಹಿಂದೆ ಸರಿದ.

"ಬೇಡ್ವಾ? ಹಂಗಾದ್ರೆ ಇದು ನನ್ನದು. ಅಲ್ಲಿ ಕಾಯ್ತಿರೋಳಿಗೆ ಹೊಸದು ತಗೊಂಡ್ಹೋಗು."

ಹೆಡ್‌ಮಾಸ್ಟರ್ ಕೈಯಲ್ಲಿ ಮೊಬೈಲ್ ಇನ್ನೂ ಹಾಗೇ ಇತ್ತು. ಅವರ ಕಡೆ ತಿರುಗಿದೆ.

"ತೆಗೀರಿ ಸಾರ್ ಫೋಟೋ. ಈಗ ನಗ್ತೀನಿ."