ಕಾಶಪ್ಪ ಮಾಸ್ತರರ ಕೈಯಲ್ಲಿದ್ದ ಪುಸ್ತಕ

ಜಮಖಂಡಿಯಿಂದ ಬನಹಟ್ಟಿಗೆ ಬರುವ ದಾರಿಯುದ್ದಕ್ಕೂ ಅಜ್ಜನ ಟ್ರಂಪೆಟ್ ನನ್ನ ತೊಡೆಯ ಮೇಲಿತ್ತು. ಅವನೇ ನೇಯ್ದ ಸೀರೆಯ ತುಂಡಿನಲ್ಲಿ ಸುತ್ತಿದ್ದೆ. ಊರವರು ಅವನ ಹೆಸರಿಟ್ಟ 'ಕಾಶಪ್ಪ ಮಾಸ್ತರ ರಂಗಮಂದಿರ'ವನ್ನು ನಾನು ನೋಡಿರಲಿಲ್ಲ. ಅಲ್ಲಿ ಅವನ ಚಿತ್ರದ ಕೆಳಗೆ ಇದನ್ನು ಇಡಬೇಕೆಂದು ಹೊರಟಿದ್ದೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಇದನ್ನು ಒರೆಸುವವಳು ನಾನೊಬ್ಬಳೇ ಉಳಿದಿದ್ದೆ.

ಅಜ್ಜ ಹದಿನೇಳನೇ ವಯಸ್ಸಿಗೆ ಮುಂಬಯಿಯ ಬಟ್ಟೆ ಗಿರಣಿಗೆ ಹೋದವನು. ಚಾಳಿನಲ್ಲಿ ಪಕ್ಕದ ಖೋಲಿಯ ಗೋವೆಯವನಿಂದ ಟ್ರಂಪೆಟ್ ಕಲಿತ. ಕೊನೆಗೆ ಎಂಟು ಜನರ ಜಾಜ್ ಬ್ಯಾಂಡ್ ಕಟ್ಟಿ ಹೋಟೆಲುಗಳಲ್ಲಿ ನುಡಿಸಿದ. ಬ್ಯಾಂಡ್ ಮಾಸ್ತರ ಎಂಬ ಹೆಸರು ಬಂದದ್ದು ಅಲ್ಲಿ. ಮುತ್ತಜ್ಜ ಹಾಸಿಗೆ ಹಿಡಿದಾಗ ಬನಹಟ್ಟಿಗೆ ಬಂದವನು ಮಗ್ಗದ ಮುಂದೆಯೇ ಉಳಿದುಬಿಟ್ಟ.

ಪವರ್‌ಲೂಮಿನ ಸದ್ದಿನಲ್ಲಿ ಟ್ರಂಪೆಟ್ ಕೇಳಿಸದು. ಹಾಗಾಗಿ ಕರೆಂಟ್ ಹೋದಾಗ ಮಾತ್ರ ಕಟ್ಟೆಗೆ ಬಂದು ಊದುತ್ತಿದ್ದ. ಕರೆಂಟ್ ಬಂದ ಕೂಡಲೇ, ಹಾಡು ಎಲ್ಲಿದ್ದರೆ ಅಲ್ಲೇ ಬಿಟ್ಟು ಏಳುತ್ತಿದ್ದ. ಅವನ ಒಂದು ಹಾಡನ್ನೂ ನಾನು ಪೂರ್ತಿ ಕೇಳಿಲ್ಲ. ಅವು ನಿಂತ ಜಾಗಗಳೇ ಹೆಚ್ಚು ನೆನಪಿವೆ.

ರಂಗಮಂದಿರದ ಕಾವಲುಗಾರ ಅಪ್ಪಾಸಾಬ ಬಾಗಿಲು ತೆರೆದ. ಸುತ್ತಲಿನ ಮಗ್ಗಗಳ ಸದ್ದು ಒಳಗೂ ಬರುತ್ತಿತ್ತು. ಗೋಡೆಯ ಮೇಲೆ ಅಜ್ಜ ಇದ್ದ. ಮನೆಯ ಫೋಟೋದಲ್ಲಿದ್ದ ಅದೇ ಕರಿ ಕೋಟು, ಎದೆಯ ಹತ್ತಿರ ಅದೇ ಎರಡು ಕೈ. ಕೈಯಲ್ಲಿ ಮಾತ್ರ ಟ್ರಂಪೆಟ್ ಬದಲು ದಪ್ಪ ಪುಸ್ತಕ.

"ಪುಸ್ತಕ ಯಾಕ್ರಿ?" ಎಂದೆ.

"ಫೋಟೋ ಹಳೇದಿತ್ರಿ, ಎದಿ ಮುಂದ ಅಳಿಸಿಹೋಗಿತ್ತು. ಏನೋ ಹಿಡದಂಗ ಕಾಣತಿತ್ತು. ಮಾಸ್ತರ ಅಂದ್ರ ಪುಸ್ತಕನ ಅಲ್ರಿ, ಚಿತ್ರ ತಗದಾಂವ ಅದನ್ನ ತಗದ. ನಮ್ಮಪ್ಪಗ ಗಣಿತ ಕಲಿಸ್ಯಾರ್ರಿ ಇವರು."

ನಾನು ಟ್ರಂಪೆಟ್ಟಿಗೆ ಸುತ್ತಿದ್ದ ಸೀರೆಯ ತುಂಡು ಬಿಚ್ಚಿದೆ.

"ಈ ಪಿಪಾಣಿ ಇಲ್ಲಿ ಇಡಬ್ಯಾಡ್ರಿ ಅಕ್ಕಾರ. ಸಾಲಿ ಮಾಸ್ತರಗ ಇದ್ಯಾಕಂತ ಮಂದಿ ನಗತಾರ."

ನಾನು ಮೊಮ್ಮಗಳು ಎಂದಿದ್ದರೆ ಅವನು ನಂಬಬಹುದಿತ್ತು. ಟ್ರಂಪೆಟ್ಟನ್ನು ಮತ್ತೆ ಸುತ್ತತೊಡಗಿದೆ.

ಆಗ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಮುದುಕಿ ಗುರುಬಾಯಿ ನೆಟ್ಟಗಾಗಿ, ಬಾಗಿಲ ಕಡೆ ಕಿವಿ ಕೊಟ್ಟಳು.

"ಏನ್ ಕೇಳಾಕತ್ತೀಬೇ ಆಯಿ?" ಅಪ್ಪಾಸಾಬ ಕೇಳಿದ.

"ಚಟ ನೋಡೋ. ಕರೆಂಟ್ ಹೋತಂದ್ರ ಕಾಶಪ್ಪ ಊದತಿದ್ದ. ಕಂಡಿಕಿಗೆ ನೂಲು ಸುತ್ತೂದು ಬಿಟ್ಟು ಎಲ್ಲಾರೂ ಹೊರಗ ಬರತಿದ್ವಿ."

"ಯಾವ ಕಾಶಪ್ಪ?"

ಅವಳು ಕಸಬರಿಗೆಯಿಂದ ಚಿತ್ರ ತೋರಿಸಿದಳು. "ಇಂವನ. ಸಾಲಿ ಎರಡನೇತ್ತಕ್ಕ ಬಿಟ್ಟಾಂವ. ನಿಮ್ಮಪ್ಪಗ ಗಣಿತ ಕಲಿಸ್ಯಾನಂತ, ಗಣಿತ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ ನೀ?"

"ಯಾರ ಕೇಳಿದ್ರಿ?"

ಅಪ್ಪಾಸಾಬ ಚಿತ್ರವನ್ನೂ ನನ್ನ ಕೈಯಲ್ಲಿದ್ದ ಟ್ರಂಪೆಟ್ಟನ್ನೂ ನೋಡಿದ. ಒಳಗಿನಿಂದ ಒಂದು ಸ್ಟೂಲು ತಂದು ಚಿತ್ರದ ಕೆಳಗೆ ಇಟ್ಟು, ಅಂಗಿಯ ತುದಿಯಿಂದ ಒರೆಸಿದ.

"ನೀ ಅವನ ಮೊಮ್ಮಗಳಾ? ಊದವಾ," ಎಂದಳು ಗುರುಬಾಯಿ.

ನನಗೆ ಊದಲು ಬರುವುದಿಲ್ಲ. ಆದರೂ ತುಟಿಗೆ ಹಚ್ಚಿದೆ. ಬರೀ ಉಸಿರು ಹೊರಟಿತು. ಅವರಿಬ್ಬರೂ ನಗಲಿಲ್ಲ, ಕಾಯುತ್ತ ನಿಂತರು. ಇನ್ನೊಮ್ಮೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕರೆಂಟ್ ಬಂದು ಮಗ್ಗಗಳು ಶುರುವಾದವು.

"ಸಾಕವಾ, ಇಡು," ಎಂದಳು ಗುರುಬಾಯಿ, ಸದ್ದಿನ ಮೇಲೆ ದನಿಯೆತ್ತಿ. "ಅಂವನೂ ಹಿಂಗ ನಿಂದರಸತಿದ್ದ."

ಸ್ಟೂಲಿನ ಮೇಲೆ ಇಟ್ಟೆ.